‘ಪತ್ತೆಯಾಗಿಲ್ಲ’ ಅಂದ್ರೆ ‘ಇಲ್ಲ’ ಅಂತಲ್ಲ: ಹಾಲು, ನೀರು, ರಕ್ತದ ಲ್ಯಾಬ್ ರಿಪೋರ್ಟ್ ಓದೋದು ಹೇಗೆ?

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಊರಲ್ಲಿ ಒಂದು ಮನೆಯ ಬದುಕು ಎಷ್ಟು ಸಲ ರಸಾಯನಶಾಸ್ತ್ರದ ಕೈಗೆ ಸಿಗುತ್ತೆ ಅಂತ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಡೇರಿಗೆ ಹಾಕಿದ ಹಾಲಿಗೆ ಎಷ್ಟು ದುಡ್ಡು ಅನ್ನೋದನ್ನ ಒಂದು ಮೆಷಿನ್ ಹೇಳುತ್ತೆ. ಬೋರ್‌ವೆಲ್ ನೀರು ಕುಡಿಯಬಹುದಾ ಅನ್ನೋದನ್ನ ಪಂಚಾಯ್ತಿಗೆ ಬಂದ ಒಂದು ಕಾಗದ ಹೇಳುತ್ತೆ. ಸಂತೆಯಲ್ಲಿ ಮಗು ತಿಂದ ಗೋಬಿಯ ಕೆಂಪು ಬಣ್ಣ ಯಾವುದು, ತೋಟಕ್ಕೆ ಔಷಧಿ ಹೊಡೆದು ಬಂದವರ ತಲೆಸುತ್ತಿಗೆ ಕಾರಣ ಏನು, ಅಜ್ಜಿಯ ಶುಗರ್ ಎಷ್ಟು? ಎಲ್ಲಕ್ಕೂ ಉತ್ತರ ಒಂದು ಅಂಕಿ. ಅಂಕಿ ಬಂದ ಮೇಲೆ ಮಾತು ಮುಗೀತು ಅಂತ ನಾವು ಸುಮ್ಮನಾಗ್ತೀವಿ.

ನಾನು ಇದೇ ಕಡೆಯವನು. ರಸಾಯನಶಾಸ್ತ್ರ ಓದಿ ಕೆಲವು ವರ್ಷ ಪರೀಕ್ಷಾ ಲ್ಯಾಬ್‌ನಲ್ಲಿ ದುಡಿದಿದ್ದೇನೆ. ಅಲ್ಲಿ ನಾನು ಕಲಿತ ಮುಖ್ಯ ಪಾಠ ಒಂದೇ: ಪರೀಕ್ಷೆ ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೆ, ಕೇಳದೆ ಬಿಟ್ಟದ್ದರ ಬಗ್ಗೆ ಒಂದಕ್ಷರವೂ ಹೇಳಲ್ಲ. ಏನು ಕೇಳಬೇಕು, ಯಾವ ಜಾಗದ ಮಾದರಿ ತರಬೇಕು, ಎಷ್ಟು ಸೂಕ್ಷ್ಮವಾಗಿ ನೋಡಬೇಕು ಅಂತ ತೀರ್ಮಾನಿಸುವವರು ಮನುಷ್ಯರು. ಆದ್ದರಿಂದಲೇ ಲ್ಯಾಬ್ ರಿಪೋರ್ಟ್ ವಿಜ್ಞಾನದ ಕಾಗದವೂ ಹೌದು, ಅಧಿಕಾರದ ಕಾಗದವೂ ಹೌದು. ಜಿಲ್ಲೆಯ ಹೆಸರು ರಾಮನಗರವೋ ಬೆಂಗಳೂರು ದಕ್ಷಿಣವೋ ಅಂತ ನಾವು ಆಡಿದ ಜಗಳದಲ್ಲಿ ಕಾಲುಭಾಗವನ್ನಾದರೂ ಇಲ್ಲಿನ ನೀರಿನ ರಿಪೋರ್ಟ್ ಬಗ್ಗೆ ಆಡಿದ್ದರೆ ಚೆನ್ನಾಗಿತ್ತು. ಹಾಗೆ ಜಗಳ ಆಡಬೇಕಾದರೆ ಬೇಕಾಗುವ ಕನಿಷ್ಠ ಮಾಹಿತಿ ಇಲ್ಲಿದೆ. ಐದು ಮಾದರಿಗಳನ್ನು ಒಂದೊಂದಾಗಿ ನೋಡೋಣ.

1. ಹಾಲು: ಮೆಷಿನ್ ಅಳೆಯೋದು ಏನನ್ನ?

ಡೇರಿಯಲ್ಲಿ ಹಾಲಿನ ದರ ನಿಂತಿರೋದು ಎರಡು ಅಂಕಿಗಳ ಮೇಲೆ. ಒಂದು ಫ್ಯಾಟ್, ಅಂದರೆ ಜಿಡ್ಡಿನಂಶ. ಇನ್ನೊಂದು ಎಸ್‌ಎನ್‌ಎಫ್, ಅಂದರೆ ಜಿಡ್ಡು ಮತ್ತು ನೀರು ಬಿಟ್ಟು ಉಳಿಯುವ ಪ್ರೋಟೀನ್, ಸಕ್ಕರೆ, ಲವಣಗಳ ಒಟ್ಟು ಮೊತ್ತ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಹಸುವಿನ ಹಾಲಿನಲ್ಲಿ ಕನಿಷ್ಠ ಶೇ. 3.2 ಫ್ಯಾಟ್, ಶೇ. 8.3 ಎಸ್‌ಎನ್‌ಎಫ್ ಇರಬೇಕು.

ಹಳೆಯ ಸಾಧನ ಲ್ಯಾಕ್ಟೋಮೀಟರ್. ಅದು ಹಾಲಿನ ಸಾಂದ್ರತೆ ನೋಡುತ್ತೆ, ಅಷ್ಟೇ. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತೆ. ಆದರೆ ಜಿಡ್ಡು ನೀರಿಗಿಂತಲೂ ಹಗುರ. ಕೆನೆ ತೆಗೆದ ಹಾಲಿನ ಡಿಗ್ರಿ ಏರುತ್ತೆ, ಆಮೇಲೆ ನೀರು ಸೇರಿಸಿದರೆ ಡಿಗ್ರಿ ಮತ್ತೆ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತೆ. ಎರಡು ಮೋಸ ಸೇರಿ ಒಂದು ಒಳ್ಳೆ ಅಂಕಿ! ಅದಕ್ಕೇ ಫ್ಯಾಟನ್ನು ಬೇರೆಯಾಗಿ ಅಳೆಯಬೇಕು.

ಅದಕ್ಕೆ ಇರುವ ಪ್ರಮಾಣಿತ ವಿಧಾನ ಗರ್ಬರ್ ಪರೀಕ್ಷೆ. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1890ರ ದಶಕದಲ್ಲಿ ಕೊಟ್ಟದ್ದು. ಗಾಜಿನ ಬ್ಯುಟಿರೋಮೀಟರ್‌ನಲ್ಲಿ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕುತ್ತಾರೆ. ಆಮ್ಲ ಪ್ರೋಟೀನನ್ನು ಕರಗಿಸಿಬಿಡುತ್ತೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಜಿಡ್ಡು ಬೇರೆಯಾಗಿ ಕೊಳವೆಯ ಕತ್ತಿಗೆ ಏರುತ್ತೆ. ಅಲ್ಲಿರುವ ಗೆರೆಗಳ ಮೇಲೆ ಫ್ಯಾಟ್ ಎಷ್ಟು ಅಂತ ಕಣ್ಣಲ್ಲೇ ಓದಬಹುದು.

ಈಗ ಹಳ್ಳಿ ಡೇರಿಗಳಲ್ಲಿ ಹೆಚ್ಚಾಗಿ ಇರೋದು ಅಲ್ಟ್ರಾಸೌಂಡ್ ಅನಲೈಜರ್. ಹಾಲಿನೊಳಗೆ ಧ್ವನಿತರಂಗ ಎಷ್ಟು ವೇಗವಾಗಿ ಹೋಗುತ್ತೆ ಅಂತ ನೋಡಿ, ಅದರಿಂದ ಫ್ಯಾಟ್, ಎಸ್‌ಎನ್‌ಎಫ್ ಲೆಕ್ಕ ಹಾಕುತ್ತೆ. ಒಂದೆರಡು ನಿಮಿಷದ ಕೆಲಸ, ಆಸಿಡ್ ಮುಟ್ಟಬೇಕಾಗಿಲ್ಲ. ಆದರೆ ಇದು ನೇರ ಅಳತೆ ಅಲ್ಲ, ಊಹೆಯ ಲೆಕ್ಕ. ಆ ಲೆಕ್ಕ ಸರಿ ಇರಬೇಕಾದರೆ ಗರ್ಬರ್ ಪರೀಕ್ಷೆಯ ಫಲಿತಾಂಶದ ಜೊತೆ ಮೆಷಿನ್ನನ್ನು ಆಗಾಗ ಹೋಲಿಸಿ ಸರಿಪಡಿಸಬೇಕು. ಇದೇ ಕ್ಯಾಲಿಬ್ರೇಷನ್. ಆಗತಾನೇ ಕರೆದ ಹಾಲಿನ ನೊರೆ, ಗಾಳಿಗುಳ್ಳೆ, ಸರಿಯಾಗಿ ತೊಳೆಯದ ಸೆನ್ಸರ್, ಇವೆಲ್ಲ ಅಂಕಿಯನ್ನು ಕೆಡಿಸುತ್ತವೆ. ಹೀಗಾಗಿ ‘ಈ ಮೆಷಿನ್ ಕೊನೆಯ ಸಲ ಯಾವಾಗ ಕ್ಯಾಲಿಬ್ರೇಟ್ ಆಯ್ತು, ಪುಸ್ತಕ ತೋರಿಸಿ’ ಅಂತ ಸಂಘದ ಸದಸ್ಯರು ಕೇಳಿದರೆ ಅದು ತಕರಾರು ಅಲ್ಲ, ವಿಜ್ಞಾನದ ಮೊದಲ ಪ್ರಶ್ನೆ. ಪಾಯಿಂಟ್ ಒಂದರಷ್ಟು ವ್ಯತ್ಯಾಸ ಒಂದು ಲೀಟರಿಗೆ ಪೈಸೆಗಳ ಲೆಕ್ಕ ಅನ್ನಿಸಬಹುದು. ಎರಡು ಹೊತ್ತು, ಮುನ್ನೂರ ಅರವತ್ತೈದು ದಿನ ಕೂಡಿಸಿ ನೋಡಿ.

ಅಳೆಯುವ ವಿಧಾನದಲ್ಲಿ ಕಿಂಡಿ ಇದ್ದರೆ ಏನಾಗುತ್ತೆ ಅನ್ನೋದಕ್ಕೆ 2008ರ ಚೀನಾ ಉದಾಹರಣೆ. ಪ್ರೋಟೀನ್ ಅಳೆಯಲು ಜಗತ್ತಿನಾದ್ಯಂತ ಬಳಸುವ ಕೆಲ್ಡಾಲ್ ವಿಧಾನವನ್ನು ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ್ದು. ಅದು ನಿಜಕ್ಕೂ ಅಳೆಯೋದು ಪ್ರೋಟೀನನ್ನಲ್ಲ, ಸಾರಜನಕವನ್ನು. ಹಾಲಿಗಾದರೆ ಆ ಸಾರಜನಕವನ್ನು 6.38ರಿಂದ ಗುಣಿಸಿ ‘ಇಷ್ಟು ಪ್ರೋಟೀನ್’ ಅಂತ ಬರೆಯುತ್ತಾರೆ. ನೀರು ಬೆರೆಸಿದ ಹಾಲಿಗೆ ಮೆಲಮೈನ್ ಸೇರಿಸಿದರು. ಅದರ ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕವೇ. ಪರೀಕ್ಷೆ ಪಾಸಾಯ್ತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಹಸುಗೂಸುಗಳು ಸತ್ತವು. ಲ್ಯಾಬ್ ಸುಳ್ಳು ಹೇಳಿರಲಿಲ್ಲ. ‘ಸಾರಜನಕ ಎಷ್ಟು?’ ಅಂತ ಕೇಳಿದ್ದರು, ಅದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು.

2. ನೀರು: ಟಿಡಿಎಸ್ ಮೀಟರ್‌ನ ಸಮಾಧಾನ

ನಮ್ಮ ಜಿಲ್ಲೆಯ ಬಂಡೆಗಳಿಗೆ ಭೂವಿಜ್ಞಾನದಲ್ಲಿ ‘ಕ್ಲೋಸ್‌ಪೇಟ್ ಗ್ರಾನೈಟ್’ ಅಂತ ಹೆಸರು. ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ‘ಶೋಲೆ’ ಸಿನಿಮಾದಲ್ಲಿ ಕಂಡ ಬೆಟ್ಟಗಳು ಇದರದ್ದೇ. ಇಂಥ ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತೆ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದಿರುತ್ತೆ, ಫ್ಲೋರೈಡ್ ಕರಗಿ ಬರುವ ಸಾಧ್ಯತೆಯೂ ಹೆಚ್ಚುತ್ತೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500. ಅದರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ನೈಟ್ರೇಟ್‌ಗೆ 45 ಮಿ.ಗ್ರಾಂ, ಅದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಫ್ಲೋರೈಡ್ ಹೆಚ್ಚಾದರೆ ಹಲ್ಲು, ಮೂಳೆಗೆ ತೊಂದರೆ. ರಸಗೊಬ್ಬರ, ತಿಪ್ಪೆ, ಶೌಚಗುಂಡಿಯಿಂದ ಇಳಿದು ಬರುವ ನೈಟ್ರೇಟ್ ಹಸುಗೂಸಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಂದಿಸುತ್ತೆ.

ಅಳೆಯೋದು ಹೇಗೆ? ಬಹುಪಾಲು ನೀರಿನ ಪರೀಕ್ಷೆಗಳು ಬಣ್ಣದ ಆಟ. ಫ್ಲೋರೈಡ್ ಪರೀಕ್ಷೆಯಲ್ಲಿ ಜಿರ್ಕೋನಿಯಂ ಮತ್ತು ಒಂದು ಬಣ್ಣ ಸೇರಿ ಆದ ಕೆಂಪು ದ್ರಾವಣ ಇರುತ್ತೆ. ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ತನ್ನ ಕಡೆ ಎಳೆದುಕೊಳ್ಳುತ್ತೆ, ಕೆಂಪು ಮಾಸುತ್ತೆ. ಎಷ್ಟು ಮಾಸಿತು ಅನ್ನೋದೇ ಎಷ್ಟು ಫ್ಲೋರೈಡ್ ಅನ್ನೋದಕ್ಕೆ ಲೆಕ್ಕ. ಹಳ್ಳಿಗೆ ಬರುವ ಕಿಟ್‌ನಲ್ಲಿ ಈ ಬಣ್ಣವನ್ನು ಚಾರ್ಟ್ ಜೊತೆ ಕಣ್ಣಲ್ಲಿ ಹೋಲಿಸುತ್ತಾರೆ, ಲ್ಯಾಬ್‌ನಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಹೋಲಿಸುತ್ತೆ. ಇನ್ನೂ ನಿಖರವಾಗಿ ಬೇಕಾದರೆ ಫ್ಲೋರೈಡ್‌ಗೆ ಮಾತ್ರ ಸ್ಪಂದಿಸುವ ಎಲೆಕ್ಟ್ರೋಡ್ ಇದೆ. ಕಿಟ್ ‘ಅನುಮಾನ ಇದೆ’ ಅಂತ ಹೇಳೋದಕ್ಕೆ, ಲ್ಯಾಬ್ ‘ಇಷ್ಟೇ ಇದೆ’ ಅಂತ ಹೇಳೋದಕ್ಕೆ. ಎರಡೂ ಬೇಕು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಬಾರದು.

ಇನ್ನು ಶುದ್ಧ ನೀರಿನ ಘಟಕದಲ್ಲಿ, ಮನೆಯ ಫಿಲ್ಟರ್ ಮಾರುವವರ ಕೈಯಲ್ಲಿ ಕಾಣುವ ಟಿಡಿಎಸ್ ಮೀಟರ್. ಅದು ನೋಡೋದು ನೀರಲ್ಲಿ ಕರೆಂಟ್ ಎಷ್ಟು ಚೆನ್ನಾಗಿ ಹರಿಯುತ್ತೆ ಅಂತ. ಅದರಿಂದ ಕರಗಿದ ಲವಣಗಳ ಒಟ್ಟು ಅಂದಾಜು ಸಿಗುತ್ತೆ. ಒಟ್ಟು 150 ಅಂತ ತೋರಿಸಿದ ನೀರಲ್ಲಿ 2 ಮಿ.ಗ್ರಾಂ ಫ್ಲೋರೈಡ್ ಇದ್ದರೂ ಮೀಟರ್‌ಗೆ ಅದು ಗೊತ್ತಾಗಲ್ಲ. ಲೀಟರಿಗೆ 0.01 ಮಿ.ಗ್ರಾಂ ಮಿತಿ ಇರುವ ಸೀಸ, ಆರ್ಸೆನಿಕ್ ಅಂತೂ ಅದರ ಲೆಕ್ಕಕ್ಕೇ ಬರಲ್ಲ. ಬ್ಯಾಕ್ಟೀರಿಯಾ, ಕೀಟನಾಶಕ ಕೂಡ ಅಷ್ಟೇ. ‘ಟಿಡಿಎಸ್ ಕಮ್ಮಿ ಇದೆ ಸಾರ್, ಸೂಪರ್ ನೀರು’ ಅನ್ನೋದು ಒಬ್ಬ ಹುಡುಗನ ತೂಕ ನೋಡಿ ಪರೀಕ್ಷೆಯಲ್ಲಿ ಪಾಸಾಗ್ತಾನೆ ಅಂದ ಹಾಗೆ. ಇನ್ನೊಂದು ಮಾತು: ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ಆದರೆ ಫ್ಲೋರೈಡ್, ನೈಟ್ರೇಟ್ ಹೋಗಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಸ್ವಲ್ಪ ಏರುತ್ತೆ.

3. ಗೋಬಿ, ಮಾವು, ಟೊಮೆಟೊ: ಗುಂಪಿನಲ್ಲಿ ಒಬ್ಬನನ್ನು ಹುಡುಕೋದು

2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸೋದನ್ನ ರಾಜ್ಯದಲ್ಲಿ ನಿಷೇಧಿಸಿದ್ದನ್ನು ಪ್ರಕಟಿಸಿದರು. ಗೋಬಿಯ 171 ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ ಅಂತ ಇಲಾಖೆ ಹೇಳಿತು. ಸಿಕ್ಕ ಬಣ್ಣಗಳು ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್, ಮಿಠಾಯಿಯಲ್ಲಿ ರೋಡಮಿನ್-ಬಿ ಕೂಡ.

ಟಿವಿಯಲ್ಲಿ ಇವೆಲ್ಲ ಒಂದೇ ‘ವಿಷ’ವಾದವು. ಆದರೆ ವ್ಯತ್ಯಾಸ ಇದೆ. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ಯಾವ ಆಹಾರದಲ್ಲೂ ಇರಬಾರದು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಕೆಲವು ಆಹಾರಗಳಿಗೆ ಮಿತಿಯೊಳಗೆ ಹಾಕಬಹುದು ಅಂತ ಕಾನೂನೇ ಹೇಳುತ್ತೆ. ಗೋಬಿ ಆ ಪಟ್ಟಿಯಲ್ಲಿಲ್ಲ, ಅದಕ್ಕೇ ಅಪರಾಧ. ತಳ್ಳುಗಾಡಿಯವನ ಗೋಬಿಯಲ್ಲಿ ಅಪರಾಧವಾದ ಬಣ್ಣ ದೊಡ್ಡ ಕಂಪನಿಯ ಪ್ಯಾಕೆಟ್‌ನಲ್ಲಿ ಹಿಂಬದಿಯ ಸಣ್ಣ ಅಕ್ಷರದಲ್ಲಿ ಕಾನೂನುಬದ್ಧವಾಗಿ ಕೂತಿರಬಹುದು. ಹಾಗಂತ ಗಾಡಿಯವನದು ಸರಿ ಅಂತಲ್ಲ. ‘ಅಸುರಕ್ಷಿತ’ ಅನ್ನೋ ಪದ ರಸಾಯನ ಎಷ್ಟೋ ಕಾನೂನೂ ಅಷ್ಟೇ ಅನ್ನೋದು ನನ್ನ ಮಾತು.

ಇಷ್ಟೊಂದು ಎಣ್ಣೆ, ಹಿಟ್ಟು, ಸಾಸ್ ನಡುವೆ ಒಂದು ಬಣ್ಣವನ್ನು ಗುರುತಿಸೋದು ಹೇಗೆ? ಕ್ರೊಮ್ಯಾಟೋಗ್ರಫಿಯಿಂದ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ 1900ರ ದಶಕದ ಮೊದಲ ವರ್ಷಗಳಲ್ಲಿ ಎಲೆಯ ಬಣ್ಣಗಳನ್ನು ಬೇರ್ಪಡಿಸಲು ಕಂಡುಕೊಂಡ ಉಪಾಯ ಇದು. ಚನ್ನಪಟ್ಟಣದ ಹಳೇ ಹೆದ್ದಾರಿಯ ಗೊಂಬೆ ಅಂಗಡಿ ಸಾಲು ನೆನಪಿಸಿಕೊಳ್ಳಿ. ಬೆಂಗಳೂರಿಂದ ಒಟ್ಟಿಗೆ ಹೊರಟ ಕಾರುಗಳಲ್ಲಿ ಮಕ್ಕಳಿರುವ ಕಾರು ಪ್ರತಿ ಅಂಗಡಿಗೂ ನಿಲ್ಲುತ್ತೆ, ಆಫೀಸಿನವರ ಕಾರು ನಿಲ್ಲದೆ ಹೋಗುತ್ತೆ. ಮೈಸೂರು ತಲುಪೋ ಹೊತ್ತಿಗೆ ಎಲ್ಲರೂ ಬೇರೆ ಬೇರೆ. ಕ್ರೊಮ್ಯಾಟೋಗ್ರಫಿಯ ಕೊಳವೆಯೂ ಹಾಗೇ. ಒಳಗಿನ ವಸ್ತುವಿಗೆ ಹೆಚ್ಚು ಅಂಟಿಕೊಳ್ಳುವ ಅಣು ತಡವಾಗಿ ಹೊರಬರುತ್ತೆ, ಅಂಟಿಕೊಳ್ಳದ್ದು ಬೇಗ ಬರುತ್ತೆ. ಬಂದ ಸಮಯ ನೋಡಿ ‘ಇದು ಯಾರು’ ಅಂತ, ಎಷ್ಟು ಬಂತು ನೋಡಿ ‘ಎಷ್ಟು’ ಅಂತ ಹೇಳಬಹುದು. ದ್ರವದ ಹರಿವಿನಲ್ಲಿ ಮಾಡಿದರೆ ಎಚ್‌ಪಿಎಲ್‌ಸಿ, ಅನಿಲದ ಹರಿವಿನಲ್ಲಿ ಮಾಡಿದರೆ ಜಿಸಿ.

ಕೀಟನಾಶಕಕ್ಕೆ ಇಷ್ಟು ಸಾಲದು. ಒಂದೇ ಹೊತ್ತಿಗೆ ಹೊರಬರುವ ಎರಡು ಅಣುಗಳು ಇರಬಹುದು. ಆಗ ಕೊಳವೆಯ ತುದಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸುತ್ತಾರೆ. ಅದು ಅಣುವನ್ನು ತೂಗುತ್ತೆ, ಒಡೆದು ಚೂರುಗಳನ್ನೂ ತೂಗುತ್ತೆ. ಆ ಚೂರುಗಳ ವಿನ್ಯಾಸ ಬೆರಳಚ್ಚಿನಂತೆ. ಟೊಮೆಟೊ, ಮಾವಿನಿಂದ ಕೀಟನಾಶಕವನ್ನು ಹೊರತೆಗೆಯಲು 2003ರಲ್ಲಿ ಬಂದ ‘ಕ್ವೆಚರ್ಸ್’ ಎಂಬ ಸರಳ ವಿಧಾನ ಈಗ ಜಗತ್ತಿನ ಲ್ಯಾಬ್‌ಗಳಲ್ಲಿ ರೂಢಿ. ಹಣ್ಣನ್ನು ರುಬ್ಬಿ, ದ್ರಾವಕ ಮತ್ತು ಉಪ್ಪು ಹಾಕಿ ಕುಲುಕಿ, ತಿಳಿಯನ್ನು ಮೆಷಿನ್‌ಗೆ ಕೊಡೋದು. ಒಂದೇ ಸಲಕ್ಕೆ ನೂರಾರು ಕೀಟನಾಶಕಗಳನ್ನು ಹುಡುಕಬಹುದು. ಆದರೆ ಇಲ್ಲೂ ಅದೇ ನಿಯಮ: ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ಮೆಷಿನ್ ಹುಡುಕಲ್ಲ. ‘ಕೀಟನಾಶಕ ಪರೀಕ್ಷೆ ಆಗಿದೆ’ ಅಂದರೆ ಎಷ್ಟು, ಯಾವ್ಯಾವುದು ಅಂತ ಕೇಳಬೇಕು.

ಮಾವಿನ ಸೀಸನ್‌ನಲ್ಲಿ ಕಾರ್ಬೈಡ್ ವಿಷಯ ಬಂದೇ ಬರುತ್ತೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಡೋದು ನಿಷಿದ್ಧ, ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ ಬಳಸಬಹುದು. ಕಾರ್ಬೈಡ್‌ನಿಂದ ಏಳುವ ಅನಿಲ ಹಣ್ಣಲ್ಲಿ ಉಳಿಯಲ್ಲ, ಹಾರಿಹೋಗುತ್ತೆ. ಹಾಗಾಗಿ ಅದರ ಕಲಬೆರಕೆಯಾದ ಆರ್ಸೆನಿಕ್‌ನಂಥ ಕುರುಹುಗಳನ್ನು ಸಿಪ್ಪೆಯ ಮೇಲೆ ಹುಡುಕಬೇಕು. ಕಳ್ಳ ಹೋದ ಮೇಲೆ ಹೆಜ್ಜೆಗುರುತು ನೋಡಿದ ಹಾಗೆ.

ನಮ್ಮ ಕಡೆ ಇದಕ್ಕೆಲ್ಲ ಮುಂಚಿನ ಒಂದು ಪರೀಕ್ಷಕ ಇದೆ, ರೇಷ್ಮೆ ಹುಳು. ಪಕ್ಕದ ಹೊಲದ ಔಷಧಿ ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದಿದ್ದರೆ ಹುಳು ಮೊದಲು ಹೇಳುತ್ತೆ, ಸತ್ತು ಹೇಳುತ್ತೆ. ವಿಷ ಇದೆ ಅಂತ ಮಾತ್ರ ಹೇಳುತ್ತೆ, ಯಾವುದು, ಎಷ್ಟು, ಯಾರ ಹೊಲದ್ದು ಅಂತ ಹೇಳಲ್ಲ. ಪರಿಹಾರ ಕೇಳೋಕೆ ಬೇಕಾಗಿರೋದು ಆ ಮೂರು ಉತ್ತರ. ಅದಕ್ಕೇ ಲ್ಯಾಬ್ ಬೇಕು.

4. ಹೊಳೆ, ಕೆರೆ: ಬಾಟಲಿ ತುಂಬಿದ್ದು ಯಾವ ಹೊತ್ತಲ್ಲಿ?

ನಮ್ಮ ತಾಲ್ಲೂಕಿನ ಇಗ್ಗಲೂರಿನಲ್ಲಿ ಶಿಂಷಾ ನದಿಗೆ ಬ್ಯಾರೇಜ್ ಇದೆ. ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಬಿಡದಿ ಹತ್ತಿರ, ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆ ನೀರು ಹೊತ್ತ ವೃಷಭಾವತಿ ಬೈರಮಂಗಲ ಕೆರೆಗೆ ಬಂದು ಬೀಳುತ್ತೆ. ಮುಂದೆ ಅರ್ಕಾವತಿ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ. ಈ ನೀರನ್ನು ಅಳೆಯುವಾಗ ಕೇಳುವ ಮೊದಲ ಪ್ರಶ್ನೆ: ಇದರಲ್ಲಿ ಕೊಳೆಯೋ ವಸ್ತು ಎಷ್ಟು?

ಅದಕ್ಕೆ ಎರಡು ಪರೀಕ್ಷೆ. ಬಿಒಡಿಯಲ್ಲಿ ಸೂಕ್ಷ್ಮಜೀವಿಗಳು ಆ ಕೊಳೆ ತಿನ್ನುವಾಗ ಎಷ್ಟು ಆಮ್ಲಜನಕ ಖರ್ಚಾಯ್ತು ಅಂತ ಅಳೆಯುತ್ತಾರೆ. ನಮ್ಮಲ್ಲಿ ಮಾದರಿಯನ್ನು 27 ಡಿಗ್ರಿಯಲ್ಲಿ 3 ದಿನ ಇಡುವ ಪದ್ಧತಿ. ಸಿಒಡಿಯಲ್ಲಿ ಪೊಟ್ಯಾಷಿಯಂ ಡೈಕ್ರೋಮೇಟ್ ಮತ್ತು ಆಮ್ಲದ ಜೊತೆ 2 ಗಂಟೆ ಕುದಿಸಿ ಹೆಚ್ಚುಕಮ್ಮಿ ಎಲ್ಲವನ್ನೂ ಸುಡುತ್ತಾರೆ. ಸಿಒಡಿ ಬಹಳ ಜಾಸ್ತಿ, ಬಿಒಡಿ ತೀರಾ ಕಮ್ಮಿ ಇದ್ದರೆ ಅರ್ಥ ಏನು? ಸೂಕ್ಷ್ಮಜೀವಿಗಳೂ ತಿನ್ನಲಾಗದ ಏನೋ ನೀರಲ್ಲಿದೆ. ಆಗ ಬೆರಳು ಮನೆಗಳ ಕೊಳಚೆಗಿಂತ ಕಾರ್ಖಾನೆಯ ಕಡೆ ತೋರಿಸುತ್ತೆ. ಸ್ನಾನಕ್ಕೆ ಯೋಗ್ಯ ನೀರಿನ ಬಿಒಡಿ ಲೀಟರಿಗೆ 3 ಮಿ.ಗ್ರಾಂ ದಾಟಬಾರದು.

ಲೋಹಗಳಿಗೆ ಬೇರೆ ಯಂತ್ರ. 1955ರಲ್ಲಿ ಆಸ್ಟ್ರೇಲಿಯಾದ ಅಲನ್ ವಾಲ್ಶ್ ಮುಂದಿಟ್ಟ ಅಟಾಮಿಕ್ ಅಬ್ಸಾರ್ಪ್ಷನ್ ವಿಧಾನದಲ್ಲಿ ಮಾದರಿಯನ್ನು ಜ್ವಾಲೆಗೆ ಸಿಂಪಡಿಸಿ, ಅದರ ಮೂಲಕ ಆ ಲೋಹದ್ದೇ ದೀಪದ ಬೆಳಕು ಹಾಯಿಸುತ್ತಾರೆ. ಎಷ್ಟು ಬೆಳಕು ಕಮ್ಮಿಯಾಯ್ತೋ ಅಷ್ಟು ಲೋಹ. ಐಸಿಪಿ-ಎಂಎಸ್ ಇನ್ನೂ ಸೂಕ್ಷ್ಮ. ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾದಲ್ಲಿ ಎಲ್ಲವನ್ನೂ ಪರಮಾಣುಗಳಾಗಿ ಒಡೆದು ಒಂದೊಂದನ್ನೂ ಎಣಿಸುತ್ತೆ.

ಆದರೆ ಎಂಥ ಯಂತ್ರವಾದರೂ ಬಾಟಲಿಯಲ್ಲಿ ಇಲ್ಲದ್ದನ್ನು ಎಣಿಸಲಾರದು. ಮಾದರಿ ತೆಗೆಯೋದರಲ್ಲೇ ಅರ್ಧ ಸತ್ಯ ಕಳೆದುಹೋಗುತ್ತೆ. ಮಧ್ಯಾಹ್ನ ಹನ್ನೊಂದಕ್ಕೆ ತುಂಬಿದ ಒಂದು ಬಾಟಲಿ ರಾತ್ರಿ ಎರಡಕ್ಕೆ ಬಿಟ್ಟ ಕಾರ್ಖಾನೆ ನೀರಿನ ಬಗ್ಗೆ ಏನೂ ಹೇಳಲ್ಲ. ಗಂಟೆಗೊಮ್ಮೆ ತೆಗೆದು ಬೆರೆಸಿದ ಮಾದರಿ ಆದರೆ ದಿನದ ಕತೆ ಹೇಳುತ್ತೆ. ಲೋಹದ ಮಾದರಿಗೆ ಅಲ್ಲೇ ನೈಟ್ರಿಕ್ ಆಮ್ಲ ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತೆ, ರಿಪೋರ್ಟ್‌ನಲ್ಲಿ ಕಮ್ಮಿ ಕಾಣುತ್ತೆ. ನೀರನ್ನು ಸೋಸಿ ಅಳೆದರೆ ಕರಗಿದ ಲೋಹ ಮಾತ್ರ ಸಿಗುತ್ತೆ, ಕೆಸರಿನ ಕಣಕ್ಕೆ ಅಂಟಿದ್ದು ಲೆಕ್ಕ ತಪ್ಪುತ್ತೆ. ಕೆರೆಯ ನೀರು ‘ಪರವಾಗಿಲ್ಲ’ ಅಂದ ರಿಪೋರ್ಟ್, ಅದೇ ಕೆರೆಯ ಹೂಳಿನ ಬಗ್ಗೆ, ಆ ನೀರಲ್ಲಿ ಬೆಳೆದ ಮೇವಿನ ಬಗ್ಗೆ, ಆ ಮೇವು ತಿಂದ ಹಸುವಿನ ಹಾಲಿನ ಬಗ್ಗೆ ಬಾಯಿ ಬಿಟ್ಟಿರಲ್ಲ. ಮೊದಲ ಭಾಗದ ಡೇರಿ ಮೆಷಿನ್ ಅಂತೂ ಆ ಹಾಲಲ್ಲಿ ಫ್ಯಾಟ್ ಚೆನ್ನಾಗಿದೆ ಅಂತಷ್ಟೇ ಹೇಳುತ್ತೆ.

5. ರಕ್ತ: ಕಾಯೋಕೆ ಸಮಯ ಇಲ್ಲದ ಪರೀಕ್ಷೆ

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದ ತಿಂದವರಲ್ಲಿ 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪ್ರಸಾದದಲ್ಲಿ ಬೆರೆತಿದ್ದು ಮೊನೊಕ್ರೋಟೊಫಾಸ್. ಬಿಹಾರದ ಸಾರಣ್ ಜಿಲ್ಲೆಯಲ್ಲಿ 2013ರ ಜುಲೈನಲ್ಲಿ ಬಿಸಿಯೂಟ ತಿಂದ 23 ಮಕ್ಕಳನ್ನು ಕೊಂದದ್ದೂ ಅದೇ ಕೀಟನಾಶಕ.

ಇದು ಆರ್ಗನೊಫಾಸ್ಫೇಟ್ ಜಾತಿಯ ವಿಷ. ನರಗಳ ಸಂದೇಶವನ್ನು ಸಮಯಕ್ಕೆ ನಿಲ್ಲಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತೆ. ಬಾಯಲ್ಲಿ ಜೊಲ್ಲು, ಬೆವರು, ಕಿರಿದಾದ ಕಣ್ಣಪಾಪೆ, ಉಸಿರುಗಟ್ಟುವಿಕೆ. ಇಂಥ ಹೊತ್ತಲ್ಲಿ ವೈದ್ಯರು ರಿಪೋರ್ಟ್‌ಗೆ ಕಾಯಲ್ಲ, ಲಕ್ಷಣ ನೋಡಿಯೇ ಅಟ್ರೋಪಿನ್ ಕೊಡ್ತಾರೆ. ಜೊತೆಗೆ ರಕ್ತದಲ್ಲಿ ಆ ಕಿಣ್ವ ಎಷ್ಟು ಕೆಲಸ ಮಾಡ್ತಿದೆ ಅಂತ ನೋಡಬಹುದು. 1961ರಲ್ಲಿ ಎಲ್ಮನ್ ಕೊಟ್ಟ ವಿಧಾನದಲ್ಲಿ ಕಿಣ್ವ ಕೆಲಸ ಮಾಡಿದಷ್ಟೂ ಹಳದಿ ಬಣ್ಣ ಏಳುತ್ತೆ. ಬಣ್ಣ ಏಳದಿದ್ದರೆ ಕಿಣ್ವ ಸೋತಿದೆ ಅಂತ ಅರ್ಥ. ವಿಷದ ಹೆಸರು ಗೊತ್ತಾಗೋದು ಆಮೇಲೆ, ಪ್ರಸಾದ ಮತ್ತು ವಾಂತಿಯ ಮಾದರಿ ಮಾಸ್ ಸ್ಪೆಕ್ಟ್ರೋಮೀಟರ್‌ನಂಥ ಯಂತ್ರಕ್ಕೆ ಹೋದ ಮೇಲೆ. ಮೊದಲನೆಯದು ಜೀವ ಉಳಿಸೋಕೆ, ಎರಡನೆಯದು ನ್ಯಾಯಕ್ಕೆ.

ಸುದ್ದಿಯಾಗೋದು ಇಂಥ ದುರಂತ ಮಾತ್ರ. ಕೂಲಿಗೆ ಔಷಧಿ ಹೊಡೆಯುವವರ ಮೈಯಲ್ಲಿ ಇದೇ ಕಿಣ್ವ ನಿಧಾನವಾಗಿ ಇಳಿಯೋದು ಸುದ್ದಿಯಲ್ಲ. ಕೋಲಿನೆಸ್ಟರೇಸ್ ಮಟ್ಟ ಒಬ್ಬರಿಂದೊಬ್ಬರಿಗೆ ಬೇರೆ ಇರುತ್ತೆ. ಸೀಸನ್ ಶುರುವಾಗುವ ಮುಂಚೆ ಒಮ್ಮೆ, ನಡುವೆ ಮತ್ತೆ ಮತ್ತೆ ನೋಡಿದರೆ ಮಾತ್ರ ಇಳಿಕೆ ಗೊತ್ತಾಗೋದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ಜಾತಿಯ ಕೀಟನಾಶಕಗಳನ್ನು ನಿಯಮಿತವಾಗಿ ಬಳಸುವ ಕೂಲಿಗಳಿಗೆ ಇಂಥ ರಕ್ತಪರೀಕ್ಷೆ ಮಾಡಿಸಬೇಕು ಅನ್ನೋ ನಿಯಮ 1974ರಿಂದ ಇದೆ. ನಮ್ಮ ಮಾವಿನ ತೋಟಗಳಲ್ಲಿ ಡ್ರಮ್ ಹೊತ್ತವರ ರಕ್ತದ ಮಾದರಿಯನ್ನು ಯಾರಾದರೂ ಕೇಳಿದ್ದನ್ನು ನಾನಂತೂ ನೋಡಿಲ್ಲ.

ದಿನದ ಪರೀಕ್ಷೆಗೂ ಇದೇ ವಿವೇಕ ಬೇಕು. ಮನೆಯ ಗ್ಲುಕೋಮೀಟರ್‌ಗೆ ಅಂತರರಾಷ್ಟ್ರೀಯ ಮಾನಕವೇ 100ಕ್ಕಿಂತ ಮೇಲಿನ ಅಂಕಿಯಲ್ಲಿ ಶೇ. 15ರಷ್ಟು ಆಚೀಚೆ ಒಪ್ಪುತ್ತೆ. ನಿಜವಾದ ಶುಗರ್ 200 ಇದ್ದರೆ ಮೀಟರ್ 170ರಿಂದ 230ರ ಒಳಗೆ ಏನನ್ನು ತೋರಿಸಿದರೂ ಮೀಟರ್ ಸರಿಯಾಗೇ ಇದೆ. ನಿನ್ನೆ 190, ಇವತ್ತು 205 ಅಂತ ಅಜ್ಜಿ ಊಟ ಬಿಡಬೇಕಾಗಿಲ್ಲ.

ರಿಪೋರ್ಟ್ ಕೈಗೆ ಬಂದಾಗ ಕೇಳಬೇಕಾದ ಐದು ಪ್ರಶ್ನೆ

ಒಂದು, ಮಾದರಿ ಯಾರು ತೆಗೆದರು, ಎಲ್ಲಿ, ಯಾವ ಹೊತ್ತಲ್ಲಿ, ಹೇಗೆ ಸೀಲ್ ಮಾಡಿದರು?

ಎರಡು, ಏನೇನು ಹುಡುಕಿದರು? ಏನನ್ನು ಹುಡುಕಲಿಲ್ಲ?

ಮೂರು, ಯಾವ ವಿಧಾನ? ವಿಧಾನದ ಹೆಸರೇ ಇಲ್ಲದ ರಿಪೋರ್ಟ್ ಅರ್ಧ ರಿಪೋರ್ಟ್.

ನಾಲ್ಕು, ‘ಪತ್ತೆಯಾಗಿಲ್ಲ’ ಅಂದರೆ ಎಷ್ಟರವರೆಗೆ ಪತ್ತೆ ಮಾಡೋ ಶಕ್ತಿ ಆ ವಿಧಾನಕ್ಕೆ ಇತ್ತು? ನೀರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿ.ಗ್ರಾಂ. 0.05ಕ್ಕಿಂತ ಕೆಳಗೆ ಕಾಣದ ಯಂತ್ರದಲ್ಲಿ ನೋಡಿ ‘ಪತ್ತೆಯಾಗಿಲ್ಲ’ ಅಂತ ಬರೆದರೆ, ಮಿತಿಯ ನಾಲ್ಕು ಪಟ್ಟು ಸೀಸ ಇದ್ದರೂ ಕಾಗದ ಶುದ್ಧವಾಗೇ ಇರುತ್ತೆ. ಬರೆದದ್ದು ಸುಳ್ಳಲ್ಲ, ಕುಡಿಯೋರಿಗೆ ಪ್ರಯೋಜನವೂ ಇಲ್ಲ.

ಐದು, ಲ್ಯಾಬ್‌ಗೆ ಎನ್‌ಎಬಿಎಲ್ ಮಾನ್ಯತೆ ಇದೆಯಾ, ಇದ್ದರೆ ಇದೇ ಪರೀಕ್ಷೆಗೆ ಇದೆಯಾ? ಮಾನ್ಯತೆ ಕೊಡೋದು ಇಡೀ ಕಟ್ಟಡಕ್ಕಲ್ಲ, ಒಂದೊಂದು ಪರೀಕ್ಷೆಗೆ.

ಕಾನೂನು ಕೊಟ್ಟಿರೋ ಹಿಡಿತ

ಇವನ್ನೆಲ್ಲ ಕೇಳೋ ಹಕ್ಕು ನಮಗೆ ಈಗಾಗಲೇ ಇದೆ. ಆಹಾರ ಸುರಕ್ಷತೆ ಕಾಯ್ದೆ 2006ರ 40ನೇ ಕಲಂ ಪ್ರಕಾರ ಆಹಾರ ಕೊಂಡ ಯಾರೇ ಆದರೂ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಮಾರುವವರಿಗೆ ವಿಷಯ ತಿಳಿಸಿರಬೇಕು. ನಿಯಮ ಮೀರಿದ್ದು ಸಾಬೀತಾದರೆ ಶುಲ್ಕ ವಾಪಸ್. ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಬೇಕು ಅಂತ 47ನೇ ಕಲಂ ಹೇಳುತ್ತೆ. ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು ಅಂತ 46ನೇ ಕಲಂ ಹೇಳುತ್ತೆ. ವರದಿ ಒಪ್ಪದ ವ್ಯಾಪಾರಿ ಮೇಲ್ಮನವಿ ಸಲ್ಲಿಸಿದರೆ ಮಾದರಿ ಮೈಸೂರಿನ ಸಿಎಫ್‌ಟಿಆರ್‌ಐನಂಥ ರೆಫರಲ್ ಲ್ಯಾಬ್‌ಗೆ ಹೋಗಬಹುದು. ಅಂದರೆ ತಳ್ಳುಗಾಡಿಯವರಿಗೂ ಎರಡನೇ ಪರೀಕ್ಷೆ ಕೇಳೋ ದಾರಿ ಇದೆ. ಅವರಿಗೆ ಅದನ್ನು ಹೇಳಿಕೊಡುವವರು ಬೇಕು.

ನೀರಿಗೆ ಬಂದರೆ, ಜಲಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸಲು ತರಬೇತಿ ಕೊಡಬೇಕು ಅನ್ನೋ ವ್ಯವಸ್ಥೆ ಇದೆ, ಲ್ಯಾಬ್‌ಗಳನ್ನು ಸಾರ್ವಜನಿಕರಿಗೂ ತೆರೆದಿಡಬೇಕು. ನಿಮ್ಮೂರಿನ ಆ ಐವರು ಯಾರು? ಕಿಟ್ ಎಲ್ಲಿದೆ? ಅವಧಿ ಮುಗಿದಿದೆಯಾ?

ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲದ ಹಕ್ಕು. ಮಾಹಿತಿ ಹಕ್ಕು ಕಾಯ್ದೆ 2005 ಅಂದರೆ ಕಾಗದ ಕೇಳೋದು ಮಾತ್ರ ಅಂತ ನಾವು ತಿಳಿದಿದ್ದೇವೆ. ಅದರ 2(ಜೆ) ಕಲಂನ ಪ್ರಕಾರ ಸಾರ್ವಜನಿಕ ಪ್ರಾಧಿಕಾರದ ಹಿಡಿತದಲ್ಲಿರುವ ವಸ್ತುಗಳ ಪ್ರಮಾಣೀಕೃತ ಮಾದರಿ ಪಡೆಯೋದೂ ಮಾಹಿತಿ ಹಕ್ಕೇ. ರಸ್ತೆಯ ಡಾಂಬರಿಗೆ, ಅಂಗನವಾಡಿಯ ಆಹಾರ ಸಾಮಗ್ರಿಗೆ, ಟ್ಯಾಂಕಿನ ನೀರಿಗೆ ಈ ಕಲಂ ಬಳಸಿ ಅರ್ಜಿ ಹಾಕಬಹುದು.

ಇಷ್ಟು ಇದ್ದೂ ಬದಲಾಗಬೇಕಾದ್ದು ಒಂದಿದೆ. ಪರೀಕ್ಷೆಯ ಫಲಿತಾಂಶ ಫೈಲ್‌ನಲ್ಲಿ ಮಲಗಬಾರದು. ಡೇರಿಯಲ್ಲಿ ಮೆಷಿನ್‌ನ ಕ್ಯಾಲಿಬ್ರೇಷನ್ ದಿನಾಂಕ, ಪಂಚಾಯ್ತಿ ಗೋಡೆಯ ಮೇಲೆ ಪ್ರತಿ ಬೋರ್‌ವೆಲ್‌ನ ಫ್ಲೋರೈಡ್ ಮತ್ತು ನೈಟ್ರೇಟ್, ಅದರ ಪಕ್ಕದಲ್ಲೇ ಮಿತಿ ಎಷ್ಟು ಅಂತ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ, ಗ್ರಾಮಸಭೆಯ ಒಂದು ನಿರ್ಣಯ ಸಾಕು. ಅಕ್ಕೂರಾಗಲಿ, ನಿಮ್ಮೂರಾಗಲಿ, ಮುಂದಿನ ಗ್ರಾಮಸಭೆಗೆ ಹೋಗುವಾಗ ಈ ಐದು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಉತ್ತರ ಬಾರದಿದ್ದರೆ ‘ಉತ್ತರ ಬರಲಿಲ್ಲ’ ಅಂತ ನಡಾವಳಿಯಲ್ಲಿ ಬರೆಸಿ ಬನ್ನಿ.